ಅಮ್ಮಂಗೆ ದಿನಾ ಜ್ವರ

"ಮಗೂಗಾ, ದೊಡ್ಡೋರಿಗಾ?"

ಹನುಮಂತನಗರದ ನಮ್ಮ ಬೀದಿಯ ಮೆಡಿಕಲ್ ಶಾಪಿನವರು ಥರ್ಮಾಮೀಟರ್ ತೆಗೆಯುತ್ತಾ ಕೇಳಿದರು. ನನಗೇ ಅಂದೆ. ಎಷ್ಟು ದಿನದಿಂದ ಜ್ವರ ಅಂದರು. ಜ್ವರ ಇಲ್ಲ ಅಂದೆ. ಅವರ ಕೈ ಅಲ್ಲೇ ನಿಂತಿತು.

"ಪಾಯಿಂಟ್ ಆದ ಮೇಲೆ ಎರಡು ಅಂಕಿ ತೋರಿಸುತ್ತಲ್ಲ, ಅಂಥದ್ದು ಬೇಕಿತ್ತು."

"ಜ್ವರಾನೇ ಇಲ್ಲದ ಮೇಲೆ ಅಷ್ಟು ಲೆಕ್ಕ ಯಾಕೆ ಮೇಡಂ?"

ನನ್ನ ಹಿಂದೆ ಚೀಟಿ ಹಿಡಿದು ನಿಂತಿದ್ದ ತಾತ ಕೂಡ ಉತ್ತರಕ್ಕೆ ಕಾಯುತ್ತಿದ್ದರು. "ಸುಮ್ನೆ" ಅಂದು ಬಂದುಬಿಟ್ಟೆ. ಆಮೇಲೆ ಆನ್‌ಲೈನಿನಲ್ಲಿ ತರಿಸಿಕೊಂಡೆ.

ಸುಮ್ನೆ ಅಲ್ಲ. ಇನ್ನೊಂದು ಮಗು ಸದ್ಯಕ್ಕೆ ಬೇಡ ಅಂತ ಇತ್ತು. ಮಾತ್ರೆಯನ್ನೂ ಬಿಟ್ಟು, ಕಾಪರ್-ಟಿಯನ್ನೂ ಬಿಟ್ಟು, ಮೈಯ ಲೆಕ್ಕ ಇಟ್ಟುಕೊಂಡೇ ನಡೆಸೋಣ ಅಂತ ಹೊರಟಿದ್ದೆ. ಅದಕ್ಕೀಗ ಒಂದೂವರೆ ವರ್ಷ.

ಮಾತ್ರೆ ಬಿಡಿಸಿದ್ದು ನನ್ನ ತಲೆನೋವು. ಬರೀ ತಲೆನೋವಲ್ಲ, ಅದು ಬರುವ ಮೊದಲು ಕಣ್ಣ ಮುಂದೆ ಅಂಕುಡೊಂಕಾದ ಬೆಳಕಿನ ಗೆರೆಗಳು ಕುಣಿಯುತ್ತವೆ. ಇಪ್ಪತ್ತು ನಿಮಿಷ ಕುಣಿದು, ಆಮೇಲೆ ಅರ್ಧ ತಲೆ ಸಿಡಿಯುತ್ತದೆ. ಬಸವನಗುಡಿಯಲ್ಲಿ ನಾನು ತೋರಿಸುವ ಡಾಕ್ಟರಿಗೆ ಇದನ್ನು ಹೇಳಿದ ದಿನವೇ ಮಾತ್ರೆ ನಿಲ್ಲಿಸಿದರು. ಹೀಗೆ ಗೆರೆ ಕಾಣುವ ಮೈಗ್ರೇನ್ ಇರುವವರು ಈಸ್ಟ್ರೋಜನ್ ಅನ್ನುವ ಹಾರ್ಮೋನ್ ಇರುವ ಮಾತ್ರೆ ತಗೋಬಾರದಂತೆ, ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಜಾಸ್ತಿ. ಕಾಪರ್-ಟಿ ಹನ್ನೊಂದು ತಿಂಗಳು ಇತ್ತು. ಮುಟ್ಟು ಏಳೆಂಟು ದಿನ ಹರಿಯತೊಡಗಿ, ಹಿಮೋಗ್ಲೋಬಿನ್ 8.9ಕ್ಕೆ ಇಳಿದು, ಮೆಟ್ಟಿಲು ಹತ್ತಿದರೆ ಏದುಸಿರು. ತೆಗೆಸಿದೆ. ಎಷ್ಟೋ ಜನಕ್ಕೆ ಅದು ಹತ್ತು ವರ್ಷ ತಣ್ಣಗೆ ಕೂತಿರುತ್ತದೆ, ನನಗೆ ಆಗಿಬರಲಿಲ್ಲ ಅಷ್ಟೆ.

ಬೇರೆ ದಾರಿ ಇರಲಿಲ್ಲ ಅಂತಲ್ಲ. ಮೂರು ತಿಂಗಳಿಗೊಂದು ಅಂತರಾ ಇಂಜೆಕ್ಷನ್, ಮೊದಲ ಮೂರು ತಿಂಗಳು ವಾರಕ್ಕೆರಡು ಆಮೇಲೆ ವಾರಕ್ಕೊಂದು ಛಾಯಾ ಮಾತ್ರೆ, ಎರಡನ್ನೂ ಡಾಕ್ಟರ್ ಹೇಳಿದರು. ಎರಡರಲ್ಲೂ ಈಸ್ಟ್ರೋಜನ್ ಇಲ್ಲ, ಸರ್ಕಾರಿ ಆಸ್ಪತ್ರೆಯಲ್ಲಿ ದುಡ್ಡೂ ಇಲ್ಲ. ನನಗೇ ಸಾಕಾಗಿತ್ತು. ನೆಂಟರಿಷ್ಟರ ಸಲಹೆ ಒಂದೇ: ಆಪರೇಷನ್. ನಮ್ಮ ರಾಜ್ಯದಲ್ಲಿ ಮದುವೆಯಾದ ಹೆಂಗಸರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಅದನ್ನೇ ಮಾಡಿಸಿಕೊಂಡಿದ್ದಾರೆ, ಹಾಗಾಗಿ ಅದು ಸಲಹೆಗಿಂತ ಪದ್ಧತಿಯ ಹಾಗೆ. ಗಂಡಸರ ಆಪರೇಷನ್ ಇನ್ನೂ ಸುಲಭವಂತೆ ಅಂತ ಒಂದು ರಾತ್ರಿ ಊಟದ ಹೊತ್ತಲ್ಲಿ ನಾನಂದೆ. ಟಿವಿ ಸೌಂಡ್ ಜಾಸ್ತಿಯಾಯಿತು.

ಡಾಕ್ಟರ್ ಲೆಕ್ಕ ಹೇಳಿಕೊಟ್ಟಿದ್ದು ಔಷಧಿ ಚೀಟಿಯ ಹಿಂಬದಿಯಲ್ಲಿ. ಅಂಡ ಹೊರಬಂದ ಮೇಲೆ ಬದುಕುವುದು ಹೆಚ್ಚೆಂದರೆ ಒಂದು ದಿನ. ಗಂಡಿನ ವೀರ್ಯಾಣು ಹೆಣ್ಣಿನ ಮೈಯಲ್ಲಿ ಐದು ದಿನದವರೆಗೂ ಬದುಕಿರಬಹುದು. ಅಂದರೆ ಒಂದು ತಿಂಗಳಲ್ಲಿ ಗರ್ಭ ನಿಲ್ಲುವ ದಿನ ಹೆಚ್ಚುಕಡಿಮೆ ಆರೇ.

"ಆ ಆರು ದಿನ ಯಾವುದು ಅಂತ ಗೊತ್ತಾದ್ರೆ ಮುಗೀತಲ್ವಾ ಡಾಕ್ಟ್ರೇ?"

"ಅಂಡ ಬಂದುಹೋದ ಮೇಲೆ ಗೊತ್ತಾಗತ್ತಮ್ಮ. ಬರೋಕೆ ಐದು ದಿನ ಮುಂಚೆ ಗೊತ್ತಾಗಲ್ಲ. ಕಷ್ಟ ಇರೋದೇ ಅಲ್ಲಿ."

ಇನ್ನೂ ನೇರವಾಗಿ ಹೇಳಿದರು. ದಿನ ಲೆಕ್ಕ ಹಾಕುವ ವಿಧಾನಗಳಲ್ಲಿ ನೂರು ಜೋಡಿಗೆ ವರ್ಷಕ್ಕೆ ಎರಡರಿಂದ ಇಪ್ಪತ್ಮೂರರವರೆಗೂ ಗರ್ಭ ನಿಂತಿರುವುದುಂಟು. ಯಾವ ವಿಧಾನ, ಎಷ್ಟು ಕಟ್ಟುನಿಟ್ಟು ಅನ್ನುವುದರ ಮೇಲೆ ಹೋಗುತ್ತದೆ. "ಆಕಸ್ಮಿಕವಾಗಿ ಆದ್ರೆ ಆಯ್ತು, ಸಾಕ್ತೀವಿ ಅನ್ನೋರಿಗೆ ಇದು. ಆದ್ರೆ ಜೀವಕ್ಕೇ ತೊಂದರೆ ಅನ್ನೋರಿಗಲ್ಲ. ಮೊದಲ ಆರು ತಿಂಗಳು ಬರೀ ಬರೀರಿ. ಅಲ್ಲೀತನಕ ದಿನಾ ಕಾಂಡೋಮ್." ನಮ್ಮವರು ಪಕ್ಕದಲ್ಲಿ ಕೂತು ಗೋಡೆಯ ಮೇಲಿನ ಗರ್ಭಕೋಶದ ಚಿತ್ರವನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದರು.

ಬರೆಯಲು ಶುರು ಮಾಡಿದ್ದು ಅಡುಗೆಮನೆಯ ಬೆಂಗಳೂರು ಪ್ರೆಸ್ ಕ್ಯಾಲೆಂಡರಿನಲ್ಲಿ. ನಮ್ಮ ಮನೆಯ ಎಲ್ಲ ಲೆಕ್ಕವೂ ಅದರ ಚೌಕಗಳಲ್ಲೇ ಇರುವುದು. ಅತ್ತೆಯ ಕೈಬರಹದಲ್ಲಿ "ಗ್ಯಾಸ್ ಬಂತು", "ಲಕ್ಷ್ಮಿ ರಜಾ", "ಹಾಲು 1 ಜಾಸ್ತಿ". ಏಕಾದಶಿ, ರಾಹುಕಾಲದ ನಡುವೆ ನಾನು ಡೇಟ್ ಆದ ದಿನಕ್ಕೆ ಪೆನ್ಸಿಲಿನಲ್ಲಿ ಒಂದು ಚುಕ್ಕಿ ಇಡುತ್ತಿದ್ದೆ. ಎರಡನೇ ತಿಂಗಳು ಅತ್ತೆ ಆ ಚುಕ್ಕಿಯನ್ನು ಹೆಚ್ಚಿನ ಹಾಲಿನ ಪ್ಯಾಕೆಟ್ ಅಂದುಕೊಂಡು ಹಾಲಿನವನ ಜೊತೆ ಒಂದು ಪ್ಯಾಕೆಟ್ಟಿಗೆ ವಾದ ಮಾಡಿದರು. ಗೆದ್ದರು ಕೂಡ.

ಫೋನಿನಲ್ಲಿ ಒಂದು ಆಪ್ ಇತ್ತು. ಡೇಟ್ ಆದ ದಿನದಿಂದ ಎಣಿಸಿ 14ನೇ ದಿನಕ್ಕೆ ಸರಿಯಾಗಿ ಗುಲಾಬಿ ಹೂವು ಅರಳಿಸಿ "ಅಂಡ ಇವತ್ತೇ" ಅನ್ನುತ್ತಿತ್ತು. ಅದು ನನ್ನನ್ನು ಕೇಳುವುದು ತಾರೀಕು ಒಂದೇ. ಹಿಂದಿನ ತಿಂಗಳುಗಳ ಸರಾಸರಿ ತೆಗೆದು ಮುಂದಿನದನ್ನು ಊಹಿಸುತ್ತದೆ. ನನ್ನ ಮೈ ಆ ಸರಾಸರಿಯನ್ನು ಓದಿಲ್ಲ. ಆರು ತಿಂಗಳಲ್ಲಿ ನನ್ನ ಮುಟ್ಟಿನ ಚಕ್ರ ಒಮ್ಮೆ 26 ದಿನ, ಒಮ್ಮೆ 33. ಹೂವು ಮಾತ್ರ ಪ್ರತಿ ತಿಂಗಳೂ ಠೀವಿಯಿಂದ ಅರಳಿತು. ಡಿಲೀಟ್ ಮಾಡಿದೆ.

ಥರ್ಮಾಮೀಟರಿನ ಕೆಲಸ ಕೇಳಲು ಸುಲಭ. ಬೆಳಿಗ್ಗೆ ಎಚ್ಚರ ಆಗುತ್ತಲೇ, ಹಾಸಿಗೆಯಿಂದ ಏಳದೆ, ಮಾತಾಡದೆ, ನೀರು ಕುಡಿಯದೆ ನಾಲಿಗೆಯ ಕೆಳಗೆ ಇಟ್ಟುಕೊಳ್ಳಬೇಕು. ಅದಕ್ಕೆ ಮೊದಲು ಮೂರು ಗಂಟೆಯಾದರೂ ಒಂದೇ ಸಮ ನಿದ್ದೆ ಆಗಿರಬೇಕು. ಅಂಡ ಬಿಡುಗಡೆಯಾದ ಮೇಲೆ ಪ್ರೊಜೆಸ್ಟರಾನ್ ಅನ್ನುವ ಹಾರ್ಮೋನ್ ಏರಿ ಮೈಯನ್ನು ಒಂಚೂರು ಬೆಚ್ಚಗೆ ಮಾಡುತ್ತದೆ. ಫ್ಯಾರನ್‌ಹೀಟಿನಲ್ಲಿ ಅರ್ಧ ಡಿಗ್ರಿಯ ಆಚೆ ಈಚೆ. ನನ್ನದು 97.3, 97.4ರಲ್ಲಿ ಇದ್ದದ್ದು 97.9ಕ್ಕೆ ಹೋಗಿ ಮುಂದಿನ ಮುಟ್ಟಿನವರೆಗೂ ಮೇಲೇ ಇರುತ್ತದೆ. ಹಿಂದಿನ ಆರು ದಿನಕ್ಕಿಂತ ಮೇಲೆ, ಮೂರು ದಿನ ಸತತವಾಗಿ ನಿಂತರೆ ಅಂಡದ ಕಾಲ ಮುಗಿಯಿತು ಅಂತ ಲೆಕ್ಕ.

ಇದನ್ನು ಕಂಡುಹಿಡಿದವರ ಮನೆಗೆ ಕಾವೇರಿ ನೀರು ದಿನ ಬಿಟ್ಟು ದಿನ ಬರುತ್ತಿರಲಿಲ್ಲ ಅಂತ ಕಾಣುತ್ತದೆ. ನಮ್ಮಲ್ಲಿ ಬರುವುದು ಬೆಳಗಿನ ಜಾವ ನಾಲ್ಕೂವರೆಗೆ. ಸಂಪಿನಲ್ಲಿ ಸದ್ದು ಕೇಳಿದ ತಕ್ಷಣ ಎದ್ದು ಹೋಗಿ ಮೋಟರ್ ಹಾಕಬೇಕು, ಇಲ್ಲದಿದ್ದರೆ ಮೇಲಿನ ಟ್ಯಾಂಕಿಗೆ ನೀರಿಲ್ಲ. ಅರೆಗಣ್ಣಲ್ಲಿ ಓಡಿ, ಮೋಟರ್ ಗುಯ್ ಅಂದ ಮೇಲೆ ನೆನಪಾಗುತ್ತಿತ್ತು, ಥರ್ಮಾಮೀಟರ್ ದಿಂಬಿನ ಕೆಳಗೇ ಉಳಿಯಿತು ಅಂತ. ಏಳುವ ಮೊದಲೇ ಬಾಯಿಗಿಟ್ಟುಕೊಂಡರೂ, ದಿನಾ ಆರಕ್ಕೆ ನೋಡುವವಳು ನಾಲ್ಕೂವರೆಗೆ ನೋಡಿದರೆ ಅಂಕಿ ಕೆಳಗೆ ಬರುತ್ತದೆ. ನಮ್ಮವರು ಎಕ್ಸೆಲ್ ಶೀಟ್ ಮಾಡಿ ಅಂಥ ದಿನಕ್ಕೆ ಬೂದು ಬಣ್ಣ ಬಳಿಯುತ್ತಿದ್ದರು. ಯಾರಾದರೂ ಲ್ಯಾಪ್‌ಟಾಪ್ ನೋಡಿದರೆ ಅಂತ ಫೈಲಿಗೆ "ವಾಟರ್ ಬಿಲ್" ಅಂತ ಹೆಸರಿಟ್ಟಿದ್ದರು. ಮೊದಲ ತಿಂಗಳ ಶೀಟ್ ತೆರೆದರೆ ಅರ್ಧ ತಿಂಗಳು ಬೂದು. ಹೆಸರು ಸರಿಯಾಗೇ ಇತ್ತು.

ಎರಡನೇ ಲಕ್ಷಣ ನನಗೆ ಹೆಚ್ಚು ಕಷ್ಟ ಕೊಟ್ಟಿತು. ಗರ್ಭಕೋಶದ ಬಾಯಿಯಿಂದ ಬರುವ ಲೋಳೆ. ಚಿಕ್ಕವಳಿದ್ದಾಗಿನಿಂದ ನನಗೆ ಅದು ಬಿಳಿ ಸೆರಗು, ಅಂದರೆ ಕಾಯಿಲೆ. ಉಷ್ಣ ಅಂತ ಅಜ್ಜಿ ಬಾರ್ಲಿ ನೀರು ಕುಡಿಸುತ್ತಿದ್ದರು. ನವೆ, ಕೆಟ್ಟ ವಾಸನೆ, ಹಸಿರು ಬಣ್ಣ ಇದ್ದರೆ ಅದು ಸೋಂಕು, ತೋರಿಸಬೇಕು. ಇಲ್ಲದಿದ್ದರೆ ಅದು ಮೈಯ ದಿನಚರಿ ಅಂತ ಮೂವತ್ಮೂರು ವರ್ಷಕ್ಕೆ ಗೊತ್ತಾಯಿತು. ಆಸ್ಟ್ರೇಲಿಯಾದ ಜಾನ್ ಬಿಲ್ಲಿಂಗ್ಸ್ ಅನ್ನುವ ಡಾಕ್ಟರ್ 1950ರ ದಶಕದಲ್ಲಿ ಇದರ ಮೇಲೇ ಒಂದು ವಿಧಾನ ಕಟ್ಟಲು ಶುರು ಮಾಡಿದವರು.

"ಅಂಡ ಬರೋ ಹೊತ್ತಿಗೆ ಮೊಟ್ಟೆಯ ಬಿಳಿ ಥರ ಇರತ್ತೆ, ನೋಡಿ" ಅಂದಿದ್ದರು ಡಾಕ್ಟರ್. ನಾನು ಹುಟ್ಟಿದ್ದು, ಸೇರಿದ್ದು ಎರಡೂ ಮೊಟ್ಟೆ ಒಡೆಯದ ಮನೆ. ಹಸಿ ಮೊಟ್ಟೆಯ ಬಿಳಿ ಹೇಗಿರುತ್ತದೆ ಅಂತ ನಾನು ಕಂಡವಳಲ್ಲ. ಹಾಗಾಗಿ ಮೊದಲೆರಡು ತಿಂಗಳು ನನ್ನ ನೋಟ್‌ಬುಕ್ಕಿನಲ್ಲಿ "ಇರಬಹುದು", "ಗೊತ್ತಿಲ್ಲ", "ಇದೇನಾ?" ಅಂತಲೇ ಬರೆದಿದೆ. ಗೊತ್ತಾಗಿದ್ದು ಒಂದು ಭಾನುವಾರ, ಗೊಜ್ಜಿಗೆ ಬೆಂಡೆಕಾಯಿ ಹೆಚ್ಚುವಾಗ. ಎಳೆ ಬೆಂಡೆಕಾಯಿ. ಈಳಿಗೆ ಮಣೆಯಿಂದ ಹೋಳು ಎತ್ತಿದರೆ ಗಾಜಿನ ಹಾಗೆ ತಿಳಿಯಾದ ಒಂದು ಎಳೆ ಜೊತೆಗೇ ಎದ್ದಿತು. ಬೆರಳಷ್ಟು ಉದ್ದ ಜಗ್ಗಿ, ನಡುವೆ ಒಂದು ಸಣ್ಣ ಹನಿ ಕಟ್ಟಿ, ತುಂಡಾಗದೆ ತೂಗಿತು. ಬೆಳಿಗ್ಗೆ ಬಚ್ಚಲಲ್ಲಿ ನೋಡಿದ್ದು ಇದನ್ನೇ! ಅವತ್ತಿನಿಂದ ನಮ್ಮ ಶೀಟಿನಲ್ಲಿ ಮೂರೇ ಮಾತು: "ಒಣ", "ಗಂಜಿ", "ಬೆಂಡೆ". ಗಂಜಿ ಅಂದರೆ ಮಂದ, ಬಿಳಿ. ಬೆಂಡೆ ಅಂದರೆ ತಿಳಿ, ಜಾರು, ಜಗ್ಗುವಂಥದ್ದು. ವೀರ್ಯಾಣು ಐದು ದಿನ ಬದುಕುವುದು ಇದರ ಕೃಪೆಯಿಂದಲೇ, ಇಲ್ಲದಿದ್ದರೆ ಬೇಗ ಸಾಯುತ್ತದೆ. ಕೊನೆಯ ಬೆಂಡೆ ದಿನ ಆದ ಮೇಲೆ ಮೂರು ದಿನ, ಉಷ್ಣತೆ ಏರಿದ ಮೇಲೆ ಮೂರು ದಿನ, ಇವೆರಡರಲ್ಲಿ ಯಾವುದು ತಡವೋ ಅಲ್ಲಿಯವರೆಗೂ ಕಾಯಬೇಕು. ಆ ಸಂಜೆಯಿಂದ ಮುಂದಿನ ಮುಟ್ಟಿನವರೆಗೆ ನಿಶ್ಚಿಂತೆ. ತಿಂಗಳ ಮೊದಲ ಅರ್ಧವನ್ನು ನಂಬಬೇಡಿ ಅಂತ ಡಾಕ್ಟರ್ ಹೇಳಿದ್ದರು, ನಾವು ನಂಬಲಿಲ್ಲ. ಆಗೆಲ್ಲ ಕಾಂಡೋಮ್. ಹಾಗಾದರೆ ಇದು "ನೈಸರ್ಗಿಕ" ಹೇಗೆ ಅಂತ ನನ್ನ ತಂಗಿ ಕೇಳುತ್ತಾಳೆ. ಅರ್ಧ ತಿಂಗಳು ನೈಸರ್ಗಿಕ.

ಮನೆಯಲ್ಲಿ ಗುಟ್ಟು ರಟ್ಟಾಗಿದ್ದು ಮಗಳಿಂದ. ನಾಲ್ಕು ವರ್ಷದವಳು ದಿನಾ ಬೆಳಿಗ್ಗೆ ನನ್ನ ಬಾಯಲ್ಲಿ ಕಡ್ಡಿ ನೋಡುತ್ತಿದ್ದಳಲ್ಲ, ಒಂದು ದಿನ ಅಜ್ಜಿಗೆ ಹೇಳಿದಳು: "ಅಜ್ಜಿ, ಅಮ್ಮಂಗೆ ದಿನಾ ಜ್ವರ." ಅತ್ತೆ ಏನೂ ಕೇಳಲಿಲ್ಲ. ಮೆಣಸು, ಜೀರಿಗೆ, ಅಮೃತಬಳ್ಳಿ ಹಾಕಿ ಕಷಾಯ ಮಾಡಿಕೊಟ್ಟರು. ನಾಲ್ಕು ದಿನ ಕುಡಿದೆ. ಐದನೇ ದಿನ ಕಷಾಯಕ್ಕೆ ಇನ್ನೂ ಏನೋ ಸೇರಿತ್ತು, ಗಂಟಲು ಉರಿದುಹೋಯಿತು. ಹೇಳಿಬಿಟ್ಟೆ.

ಅತ್ತೆ ಲೋಟ ತಗೊಂಡು ಒಂದು ಗಳಿಗೆ ಸುಮ್ಮನೆ ಕೂತರು. "ಇದಕ್ಕೂ ಥರ್ಮಾಮೀಟರಾ?" ಅಂದರು. ಆಮೇಲೆ ತಾನಾಗಿಯೇ ಹೇಳಿದರು. ಅವರಿಗೆ ಎರಡನೇ ಹೆರಿಗೆ ಆಗುತ್ತಲೇ ಆಪರೇಷನ್ ಆಯಿತಂತೆ. "ಯಾರೂ ನನ್ನ ಕೇಳಲಿಲ್ಲ ಕಣಮ್ಮ. ನಾನೂ ಬೇಡ ಅನ್ನಲಿಲ್ಲ."

ಅವರ ತವರು ರಾಮನಗರ. ಅದಕ್ಕೇ ಒಂದು ವಿಷಯ ಓದಿದ ದಿನ ಓಡಿಹೋಗಿ ಅವರಿಗೆ ಹೇಳಿದೆ. ಮೈಸೂರು ಸಂಸ್ಥಾನ 1930ರಲ್ಲೇ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಕ್ಲಿನಿಕ್ ತೆರೆಯಲು ಹೊರಟಿತ್ತು. ಸ್ವಾತಂತ್ರ್ಯ ಬಂದ ಮೇಲೆ ದೇಶದ ಮೊದಲ ಆರೋಗ್ಯ ಮಂತ್ರಿ ರಾಜಕುಮಾರಿ ಅಮೃತ್ ಕೌರ್ ಗಾಂಧೀಜಿಯವರ ಶಿಷ್ಯೆ. ಅವರಿಗೆ ಒಪ್ಪಿಗೆಯಾಗಿದ್ದು ಈ ದಿನ ಲೆಕ್ಕ ಹಾಕುವ ವಿಧಾನ ಒಂದೇ. ವಿಶ್ವ ಆರೋಗ್ಯ ಸಂಸ್ಥೆ 1950ರ ದಶಕದ ಆರಂಭದಲ್ಲಿ ಅಬ್ರಹಾಂ ಸ್ಟೋನ್ ಅನ್ನುವ ಅಮೆರಿಕದ ಡಾಕ್ಟರನ್ನು ಕಳಿಸಿತು. ಪ್ರಯೋಗಕ್ಕೆ ಆರಿಸಿದ್ದು ಎರಡು ಜಾಗ, ದೆಹಲಿಯ ಲೋದಿ ಕಾಲೋನಿ ಮತ್ತು ನಮ್ಮ ರಾಮನಗರ. ದಿನಗಳ ಲೆಕ್ಕ ತಪ್ಪದಿರಲಿ ಅಂತ ಹೆಂಗಸರಿಗೆ ಬಣ್ಣ ಬಣ್ಣದ ಮಣಿಗಳ ಸರ ಕೊಟ್ಟರಂತೆ, ದಿನಕ್ಕೊಂದು ಮಣಿ ಸರಿಸುತ್ತಾ ಹೋಗಬೇಕು. ಕರೆಂಟಿಲ್ಲದ ಮನೆಯ ಕತ್ತಲಲ್ಲಿ ಮಣಿಯ ಬಣ್ಣ ಹೇಗೆ ಗೊತ್ತಾಗುತ್ತಿತ್ತೋ!

"ನೀವು ಅಂಥ ಸರ ನೋಡಿದ್ರಾ ಅತ್ತೆ?"

"ಇಲ್ಲಮ್ಮ. ನಾನು ಹುಟ್ಟಿದ್ದೇ 57ರಲ್ಲಿ. ಆದ್ರೆ ಅಮ್ಮಂಗೆ ಆ ಸರ ಸಿಕ್ಕಿರಲಾರದು."

"ಯಾಕೆ?"

"ನಾವು ಏಳು ಜನ ಅಲ್ವಾ."

ಆರು ತಿಂಗಳು ಬರೆದು, ಇನ್ನಾರು ತಿಂಗಳು ನಂಬಿ ನಡೆದೆವು. ಚೆನ್ನಾಗಿಯೇ ನಡೆಯಿತು. ಆ ಚೆನ್ನಾಗಿ ನಡೆದದ್ದೇ ನಮ್ಮನ್ನು ಕೆಡಿಸಿತು.

ಜುಲೈ ತಿಂಗಳು. ಚಕ್ರದ 12ನೇ ದಿನ ನನಗೆ ನಿಜವಾದ ಜ್ವರ ಬಂತು. 102, ಕೀಲು ಕೀಲು ನೋವು. ಆರು ದಿನ ಮಲಗಿದ್ದೆ. ಜ್ವರದ ದಿನದ ಅಂಕಿ ಲೆಕ್ಕಕ್ಕಿಲ್ಲ, ಶೀಟಿನಲ್ಲಿ ಮತ್ತೆ ಬೂದು. ಎದ್ದ ಮೇಲೂ ಸುಸ್ತು, ಥರ್ಮಾಮೀಟರ್ ಮುಟ್ಟುವ ಮನಸ್ಸಿಲ್ಲ. 24ನೇ ದಿನ ರಾತ್ರಿ ನಮ್ಮವರು ಕೇಳಿದರು, "ಎಷ್ಟನೇ ದಿನ ಕಣೇ ಇವತ್ತು?"

"ಇಪ್ಪತ್ನಾಲ್ಕು ರೀ."

"ಹಾಗಿದ್ರೆ ದಾಟಿರತ್ತಲ್ವಾ?"

ದಾಟಿರುತ್ತೆ ಅಂದೆ. ಹೆಚ್ಚಾಗಿ 19, 20ಕ್ಕೆ ಏರುತ್ತಿತ್ತಲ್ಲ. ನೋಡಿ, ಡಿಲೀಟ್ ಮಾಡಿದ ಆ ಗುಲಾಬಿ ಹೂವಿನ ಲೆಕ್ಕವನ್ನೇ ನಾವಿಬ್ಬರೂ ಬಾಯಲ್ಲಿ ಹಾಕಿದ್ದೆವು. ವಾಟರ್ ಬಿಲ್ ಯಾರೂ ತೆರೆಯಲಿಲ್ಲ.

27ಕ್ಕೆ ಬೆಂಡೆ ಕಂಡಿತು. ಜ್ವರ ಬಂದ ಮೈ, ಬಿಳಿ ಸೆರಗು ಇರಬೇಕು ಅಂದುಕೊಂಡೆ. ಒಂದು ವರ್ಷ ಕಲಿತದ್ದು ಹೆದರಿಕೆಯ ಮುಂದೆ ನಿಲ್ಲಲಿಲ್ಲ, ಅಜ್ಜಿಯ ಬಾರ್ಲಿ ನೀರೇ ನೆನಪಾಯಿತು. ಅವತ್ತಿನಿಂದ ಮಾತ್ರ ಥರ್ಮಾಮೀಟರ್ ಮತ್ತೆ ಬಾಯಿಗೆ ಬಂತು. 97.3, 97.4. 29ರ ಬೆಳಿಗ್ಗೆ 97.9. ಹಾಸಿಗೆಯ ಮೇಲೇ ತಣ್ಣಗಾದೆ. ಅಂಡ ಈಗ ಬಂದಿದೆ, ಬಹುಶಃ ನಿನ್ನೆ. 24ರಿಂದ ಎಣಿಸಿದರೆ ಐದು ದಿನದ ಒಳಗೇ. ತುರ್ತು ಮಾತ್ರೆಗೆ 72 ಗಂಟೆ, ಅದೂ ದಾಟಿತ್ತು.

38ನೇ ದಿನ ಕಿಟ್ ತಂದೆ. ಅದೇ ಮೆಡಿಕಲ್ ಶಾಪ್. ಈ ಸಲ ಅವರು ಏನೂ ಕೇಳದೆ ಪೇಪರಿನಲ್ಲಿ ಸುತ್ತಿ, ಕಪ್ಪು ಕವರಿನಲ್ಲಿ ಹಾಕಿ ಕೊಟ್ಟರು. ಒಂದೇ ಗೆರೆ ಬಂತು. ಖುಷಿಪಟ್ಟೆ. ಆ ಖುಷಿಗೆ ಅರ್ಥ ಇರಲಿಲ್ಲ ಅಂತ ಆಮೇಲೆ ಗೊತ್ತಾಯಿತು. ಅಂಡ ಬಂದು ಹತ್ತೇ ದಿನಕ್ಕೆ ಕಿಟ್ "ಇಲ್ಲ" ಅಂದರೆ ನಂಬುವ ಹಾಗಿಲ್ಲ. 42ರ ಬೆಳಗಿನ ಜಾವ ನೀರು ಬಂತು, ಮೋಟರ್ ಹಾಕಿದೆ, ಬಚ್ಚಲಿಗೆ ಹೋದೆ. ಡೇಟ್ ಆಗಿತ್ತು. ಹೊರಗೆ ಬಂದು ಹೇಳಿದರೆ ನಮ್ಮವರು ಸಂಪಿನ ಪಕ್ಕದ ಮೆಟ್ಟಿಲ ಮೇಲೆ ಕೂತುಬಿಟ್ಟರು. ಟ್ಯಾಂಕ್ ತುಂಬಿ ನೀರು ಚೆಲ್ಲಿದರೂ ಇಬ್ಬರಿಗೂ ಎದ್ದು ಮೋಟರ್ ಆಫ್ ಮಾಡಬೇಕು ಅನ್ನಿಸಲಿಲ್ಲ. ಬಚಾವಾಗಿದ್ದು ನಮ್ಮ ಲೆಕ್ಕದಿಂದಲ್ಲ, ಅದೃಷ್ಟದಿಂದ.

ಶೀಟ್ ಹಿಡಿದು ಡಾಕ್ಟರ ಹತ್ತಿರ ಹೋದೆವು. ಅವರು ಮೊದಲು ನೋಡಿದ್ದು 29ರಿಂದ 41ರವರೆಗಿನ ಅಂಕಿಗಳನ್ನು. ಹದಿಮೂರು ದಿನ ಮೇಲಿತ್ತು. ಹಿಂದಿನ ತಿಂಗಳು ಹದಿಮೂರು, ಅದರ ಹಿಂದಿನದು ಹನ್ನೆರಡು. ಅಂಡ ಬಂದ ಮೇಲಿನ ಈ ಭಾಗ ಹೆಚ್ಚು ಅಲ್ಲಾಡುವುದಿಲ್ಲವಂತೆ. ಜ್ವರ, ಪ್ರಯಾಣ, ನಿದ್ದೆಗೇಡು, ಚಿಂತೆ ಎಲ್ಲವೂ ಹಿಂದೆ ಮುಂದೆ ಎಳೆದಾಡುವುದು ಅಂಡ ಬರುವ ಮೊದಲಿನ ಭಾಗವನ್ನು. ಜಪಾನಿನ ಓಗಿನೋ ಅನ್ನುವ ಡಾಕ್ಟರ್ 1924ರಲ್ಲೇ ಇದನ್ನು ಹೇಳಿದ್ದರು: ಅಂಡ ಬರುವ ದಿನವನ್ನು ಮುಂದಿನ ಮುಟ್ಟಿನಿಂದ ಹಿಂದಕ್ಕೆ ಎಣಿಸಬೇಕು. ನಾವೆಲ್ಲ "ಡೇಟ್ ಲೇಟಾಯ್ತು" ಅಂತ ಒದ್ದಾಡುತ್ತೇವಲ್ಲ, ಎಷ್ಟೋ ಸಲ ಲೇಟಾಗಿರುವುದು ಡೇಟ್ ಅಲ್ಲ, ಅಂಡ.

ಆಮೇಲೆ ಡಾಕ್ಟರ್ ನಗುತ್ತಾ ಕ್ಯಾಲೆಂಡರ್ ಸೂತ್ರ ಹಾಕಿ ತೋರಿಸಿದರು. ಎಲ್ಲಕ್ಕಿಂತ ಚಿಕ್ಕ ಚಕ್ರದಲ್ಲಿ 18 ಕಳೆಯಬೇಕು, ದೊಡ್ಡದರಲ್ಲಿ 11. ನನ್ನದು 26 ಮತ್ತು 41. ಅಂದರೆ 8ನೇ ದಿನದಿಂದ 30ನೇ ದಿನದವರೆಗೂ ಎಚ್ಚರಿಕೆ. 26 ದಿನಕ್ಕೆ ಮುಗಿಯುವ ತಿಂಗಳಿಗೆ 30ನೇ ದಿನದವರೆಗೆ ಎಚ್ಚರಿಕೆ! ನಮ್ಮವರು ಆ ಚೀಟಿಯನ್ನು ಬಹಳ ಹೊತ್ತು ನೋಡಿದರು. ಡಾಕ್ಟರ್ ಛಾಯಾ, ಅಂತರಾ ಇನ್ನೊಮ್ಮೆ ನೆನಪಿಸಿದರು. ಯೋಚನೆ ಮಾಡ್ತೀವಿ ಅಂದೆವು. ನಿಜವಾಗಿಯೂ ಮಾಡುತ್ತಿದ್ದೇವೆ. ಮುಂದಿನ ವರ್ಷ ಈ ಥರ್ಮಾಮೀಟರ್ ಇರುತ್ತದೆ ಅಂತ ನಾನು ಬರೆದುಕೊಡಲಾರೆ.

ಸದ್ಯಕ್ಕೆ ಎರಡು ನಿಯಮ ಬಂದಿವೆ. ಶೀಟಿನಲ್ಲಿ ಮೂರು ದಿನ ಮೇಲೆ ಕಾಣದಿದ್ದರೆ ತಾರೀಕು ಏನೇ ಇರಲಿ, ಕಾಂಡೋಮ್. ಮತ್ತೆ ಶೀಟ್ ತೆರೆದು ನೋಡುವ ಕೆಲಸ ಅವರದ್ದು. ಬಾಯಲ್ಲಿ ಕಡ್ಡಿ ಇಟ್ಟುಕೊಳ್ಳುವುದೂ ನಾನೇ, ಬಚ್ಚಲಲ್ಲಿ ನೋಡುವುದೂ ನಾನೇ, "ಇವತ್ತು ಬೇಡ" ಅಂತ ಹೇಳುವ ಕೆಟ್ಟ ಕೆಲಸವೂ ನಾನೇ ಅಂದರೆ ಆಗುವುದಿಲ್ಲ ಅಂತ ಖಡಾಖಂಡಿತ ಹೇಳಿದೆ. ಒಪ್ಪಿದರು. ಈಗ "ಇವತ್ತು ಬೇಡ" ಅನ್ನುವವರು ಅವರು. ಮುಖ ನೋಡಬೇಕು.

ಮೂರನೇ ಬದಲಾವಣೆ ಯಾರೂ ಹೇಳದೆ ಬಂತು. ಹೋದ ವಾರ ನಾಲ್ಕೂವರೆಗೆ ಸಂಪಿನಲ್ಲಿ ಸದ್ದು ಕೇಳಿ ಎದ್ದು ಕೂತೆ. ಅಷ್ಟರಲ್ಲಿ ನಡುಮನೆಯ ದೀಪ ಹತ್ತಿತು. "ನೀನು ಮಲಕ್ಕೋ, ಮೋಟರ್ ನಾನು ಹಾಕ್ತೀನಿ" ಅಂತ ಅತ್ತೆಯ ದನಿ. ಮತ್ತೆ ಮಲಗಿದೆ. ಆರಕ್ಕೆ ಎಚ್ಚರಾಗಿ, ಕಡ್ಡಿ ಬಾಯಿಗಿಟ್ಟು, ಅಂಕಿ ನೋಡಿಕೊಂಡು ಅಡುಗೆಮನೆಗೆ ಹೋದರೆ ಅವರು ಹಾಲಿನ ಪ್ಯಾಕೆಟ್ ಕತ್ತರಿಸುತ್ತಿದ್ದರು.

"ಎಷ್ಟು ಬಂತು?"

"97.4 ಅತ್ತೆ."

"ಹಾಗಾದ್ರೆ ಇನ್ನೂ ಏರಿಲ್ಲ ಅನ್ನು" ಅಂದು ಹಾಲು ಒಲೆಗಿಟ್ಟರು.